ಕಾರಿನ ಕೀ ಕಳೆದರೆ ಖರ್ಚು ಎಷ್ಟು? ಹೊಸ ಕೀ, ಕೋಡಿಂಗ್, ಬಿಲ್ಲು: ಹಂತ ಹಂತವಾಗಿ

ಕಾರಿನ ಹೊಸ ಕೀಗೆ ಎಷ್ಟಾಗುತ್ತದೆ ಎಂದು ನಾಲ್ಕು ಜನರನ್ನು ಕೇಳಿದರೆ ನಾಲ್ಕು ಉತ್ತರ ಬರುತ್ತದೆ. ಮುನ್ನೂರು ರೂಪಾಯಿ ಎಂದವರು ಹೇಳಿದ್ದೂ ನಿಜ, ಮೂವತ್ತು ಸಾವಿರ ಎಂದವರು ಹೇಳಿದ್ದೂ ನಿಜ. ಖರ್ಚನ್ನು ನಿರ್ಧರಿಸುವ ಸಂಗತಿಗಳು ಎರಡೇ. ಒಂದು, ನಿಮ್ಮ ಕೀಯ ಒಳಗೆ ಏನಿದೆ ಎಂಬುದು. ಇನ್ನೊಂದು, ಕೆಲಸ ಮಾಡುವ ಮತ್ತೊಂದು ಕೀ ಮನೆಯಲ್ಲಿ ಉಳಿದಿದೆಯೇ ಎಂಬುದು. ಇವೆರಡರಲ್ಲಿ ಎರಡನೆಯದರ ತೂಕವೇ ಹೆಚ್ಚು. ಒಂದೇ ಕಂಪನಿಯ, ಒಂದೇ ಮಾದರಿಯ ಕಾರಿಟ್ಟುಕೊಂಡ ಇಬ್ಬರಲ್ಲಿ ಒಂದು ಕೀ ಉಳಿಸಿಕೊಂಡವರು ಐದಾರು ಸಾವಿರಕ್ಕೆ ಕೆಲಸ ಮುಗಿಸಿಕೊಂಡರೆ, ಎರಡನ್ನೂ ಕಳೆದುಕೊಂಡವರು ಅದರ ಮೂರು ನಾಲ್ಕು ಪಟ್ಟು ತೆತ್ತು, ಮೇಲೆ ಕಾರನ್ನು ಎಳೆಸಿಕೊಂಡು ಹೋಗುವ ಬಾಡಿಗೆಯನ್ನೂ ಕೊಡುತ್ತಾರೆ. ಹಾಗಾಗಿ, ಈಗ ನಿಮ್ಮ ಬಳಿ ಒಂದೇ ಕೀ ಇದ್ದರೆ ಈ ಲೇಖನವನ್ನು ತುರ್ತಿನ ವಿಷಯವೆಂದೇ ಓದಿ. ಎರಡನೆಯದನ್ನು ಮಾಡಿಸಲು ಇದಕ್ಕಿಂತ ಅಗ್ಗದ ಹೊತ್ತು ಮುಂದೆ ಸಿಗುವುದಿಲ್ಲ.

ಮೊದಲು: ಕೀ ನಿಜವಾಗಿಯೂ ಕೆಟ್ಟಿದೆಯೇ?

ಕೀ ಕಳೆದಿಲ್ಲ, ಆದರೆ ಕೆಲಸ ಮಾಡುತ್ತಿಲ್ಲ ಎನ್ನುವವರು ಹೊಸ ಕೀಯ ದರ ವಿಚಾರಿಸುವ ಮೊದಲು ಸೆಲ್ ಬದಲಿಸಿ ನೋಡಬೇಕು. ಬಹಳಷ್ಟು ರಿಮೋಟ್‌ಗಳಲ್ಲಿ ಇರುವುದು ಸಿಆರ್2032 ಎಂಬ 3 ವೋಲ್ಟ್‌ನ ಬಿಲ್ಲೆ ಸೆಲ್. ಕೆಲವು ಸಣ್ಣ ರಿಮೋಟ್‌ಗಳಲ್ಲಿ ಸಿಆರ್1620 ಅಥವಾ ಸಿಆರ್2016 ಇರುತ್ತದೆ. ಸಂಖ್ಯೆ ಸೆಲ್‌ನ ಬೆನ್ನ ಮೇಲೆಯೇ ಅಚ್ಚಾಗಿರುತ್ತದೆ. ಒಳ್ಳೆಯ ಕಂಪನಿಯದು ಐವತ್ತರಿಂದ ನೂರೈವತ್ತು ರೂಪಾಯಿಗೆ ಸಿಗುತ್ತದೆ. ಕೀಯ ಅಂಚಿನಲ್ಲಿರುವ ಸಣ್ಣ ಕಚ್ಚಿಗೆ ಚಪ್ಪಟೆ ಸ್ಕ್ರೂಡ್ರೈವರಿನ ತುದಿ ಕೊಟ್ಟು ಮೆಲ್ಲನೆ ತಿರುಗಿಸಿದರೆ ಹೊದಿಕೆ ಬಿಚ್ಚಿಕೊಳ್ಳುತ್ತದೆ. ಹಳೆಯ ಸೆಲ್ ತೆಗೆಯುವ ಮುನ್ನ ಪ್ಲಸ್ ಗುರುತು ಯಾವ ಕಡೆಗಿತ್ತು ಎಂದು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ.

ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಿನಲ್ಲಿ ಸೆಲ್ ಸತ್ತರೆ ಜನ ಗಾಬರಿಗೊಂಡು ಟೋ ವಾಹನ ಕರೆಸುತ್ತಾರೆ. ಅದರ ಅಗತ್ಯವಿಲ್ಲ. ಸ್ಮಾರ್ಟ್ ಕೀಯ ಹೊಟ್ಟೆಯೊಳಗೆ ಒಂದು ಲೋಹದ ಕೀ ಅಡಗಿರುತ್ತದೆ. ಪಕ್ಕದ ಸಣ್ಣ ಗುಂಡಿಯನ್ನು ಸರಿಸಿದರೆ ಅದು ಹೊರಬರುತ್ತದೆ, ಅದರಿಂದ ಚಾಲಕನ ಬಾಗಿಲು ತೆರೆಯಬಹುದು. ಆಮೇಲೆ ಬ್ರೇಕ್ ತುಳಿದು, ಕೀಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿದರೆ ಬಹುತೇಕ ಕಾರುಗಳು ಚಾಲೂ ಆಗುತ್ತವೆ. ಕೆಲವು ಮಾದರಿಗಳಲ್ಲಿ ಕೀ ಇಡಲು ಬೇರೆಯದೇ ಜಾಗವಿದೆ, ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಅದರ ಚಿತ್ರವಿರುತ್ತದೆ. ಕೀಯೊಳಗಿನ ಭದ್ರತಾ ಚಿಪ್‌ಗೆ ಸೆಲ್ ಬೇಕಿಲ್ಲದಿರುವುದರಿಂದಲೇ ಇದು ಸಾಧ್ಯ.

ಬಟನ್ ಒತ್ತಿ ಒತ್ತಿ ಸವೆದಿದ್ದರೆ ಮೊಬೈಲ್ ರಿಪೇರಿ ಗೊತ್ತಿರುವವರು ಒಳಗಿನ ಪುಟ್ಟ ಸ್ವಿಚ್ಚನ್ನು ಬೆಸುಗೆ ಹಾಕಿ ಬದಲಿಸಿಕೊಡುತ್ತಾರೆ. ಕೆಲವು ನೂರು ರೂಪಾಯಿಗಳ ಕೆಲಸ. ಮೇಲಿನ ಪ್ಲಾಸ್ಟಿಕ್ ಮಾತ್ರ ಒಡೆದಿದ್ದರೆ ಖಾಲಿ ಕವಚ ಮುನ್ನೂರರಿಂದ ಎಂಟುನೂರಕ್ಕೆ ದೊರೆಯುತ್ತದೆ. ಆದರೆ ಇಲ್ಲೊಂದು ಎಚ್ಚರ. ಎಷ್ಟೋ ಕೀಗಳಲ್ಲಿ ಚಿಪ್ ಎಂಬುದು ಸರ್ಕ್ಯೂಟ್ ಹಲಗೆಯ ಮೇಲಿರುವುದಿಲ್ಲ. ಪ್ಲಾಸ್ಟಿಕ್ಕಿನ ಮೂಲೆಯೊಂದರ ಗೂಡಿನಲ್ಲಿ, ಹುಣಸೆ ಬೀಜದ ಗಾತ್ರದ ಕಪ್ಪು ತುಂಡಾಗಿ, ಯಾವ ತಂತಿಯ ನಂಟೂ ಇಲ್ಲದೆ ಸುಮ್ಮನೆ ಕುಳಿತಿರುತ್ತದೆ. ಕವಚ ಬದಲಿಸುವವರು ಹಲಗೆ, ಸೆಲ್, ಬಟನ್‌ಗಳನ್ನೆಲ್ಲ ಹೊಸದಕ್ಕೆ ಸಾಗಿಸಿ, ಈ ತುಂಡನ್ನು ಹಳೆಯ ಕವಚದೊಂದಿಗೆ ಕಸದ ಬುಟ್ಟಿಗೆ ಹಾಕಿಬಿಟ್ಟರೆ ಬಾಗಿಲು ತೆರೆಯುತ್ತದೆ, ಎಂಜಿನ್ ಮಾತ್ರ ಚಾಲೂ ಆಗುವುದಿಲ್ಲ. ಕಾರು ಸ್ಟಾರ್ಟ್ ಆಗುವುದನ್ನು ಕಣ್ಣಾರೆ ನೋಡುವ ತನಕ ಹಳೆಯ ಕವಚವನ್ನು ಎಸೆಯಲು ಬಿಡಬೇಡಿ.

ಮಲ್ಪೆಯಲ್ಲೋ ಗೋಕರ್ಣದಲ್ಲೋ ಕೀ ಜೇಬಿನಲ್ಲಿದ್ದಂತೆಯೇ ನೀರಿಗಿಳಿದಿದ್ದರೆ ತಕ್ಷಣ ಸೆಲ್ ಕಿತ್ತುಹಾಕಿ, ಸಿಹಿ ನೀರಿನಲ್ಲಿ ಉಪ್ಪು ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ ಚೆನ್ನಾಗಿ ಒಣಗಿಸಿ. ರಿಮೋಟ್ ಹೋದರೂ ಚಿಪ್ ಬದುಕುಳಿಯುವ ಸಾಧ್ಯತೆ ಹೆಚ್ಚು, ಏಕೆಂದರೆ ಅದು ಗಾಜು ಅಥವಾ ರಾಳದೊಳಗೆ ಮುಚ್ಚಿಕೊಂಡಿರುತ್ತದೆ.

ನಿಮ್ಮದು ಯಾವ ಬಗೆಯ ಕೀ?

ಒಂದು ಕೀಯಲ್ಲಿ ಮೂರು ಬೇರೆ ಬೇರೆ ಕೆಲಸಗಳು ಸೇರಿಕೊಂಡಿರುತ್ತವೆ. ಬಾಗಿಲು ಮತ್ತು ಇಗ್ನಿಷನ್ ತಿರುಗಿಸಲು ಲೋಹದ ಹಲ್ಲುಗಳು. ಎಂಜಿನ್‌ಗೆ ಅನುಮತಿ ಕೊಡಲು ಚಿಪ್. ದೂರದಿಂದ ಲಾಕ್ ಮಾಡಲು ರಿಮೋಟ್. ಬಿಲ್ಲಿನಲ್ಲಿ ಇವು ಮೂರೂ ಬೇರೆ ಬೇರೆ ಖರ್ಚುಗಳು. ಇದು ಗೊತ್ತಿದ್ದವರಿಗೆ ಅಂಗಡಿಯವರು ಹೇಳಿದ ದರ ಹೆಚ್ಚೋ ಕಡಿಮೆಯೋ ತಾನಾಗಿಯೇ ತಿಳಿಯುತ್ತದೆ.

ಹಳೆಯ ಮಾರುತಿ 800, ಒಮ್ನಿಯಂಥ ಕಾರುಗಳ ಬಹುಪಾಲು ಕೀಗಳಲ್ಲಿ ಲೋಹ ಬಿಟ್ಟರೆ ಬೇರೇನೂ ಇಲ್ಲ. ನಂತರ ಬಂದ ಕಾರುಗಳಲ್ಲಿ ಇಮೊಬಿಲೈಸರ್, ಅಂದರೆ ಸರಿಯಾದ ಚಿಪ್ ಇಲ್ಲದೆ ಎಂಜಿನ್ ಚಾಲೂ ಆಗದಂತೆ ತಡೆಯುವ ವ್ಯವಸ್ಥೆ, ಸೇರಿತು. ಮಾರುತಿ ಇದನ್ನು ಐಕ್ಯಾಟ್ಸ್ ಎಂಬ ಹೆಸರಿನಲ್ಲಿ ಕೊಟ್ಟಿತು. ಇಗ್ನಿಷನ್ ಕೊಳವೆಯ ಸುತ್ತ ತಂತಿಯ ಸುರುಳಿಯೊಂದಿರುತ್ತದೆ. ಕೀ ತಿರುಗಿಸಿದಾಗ ಅದು ಸುಮಾರು 125 ಕಿಲೋಹರ್ಟ್ಸ್‌ನ ಕಾಂತಕ್ಷೇತ್ರವನ್ನು ಹೊಮ್ಮಿಸುತ್ತದೆ. ಚಿಪ್ ಆ ಕ್ಷೇತ್ರದಿಂದಲೇ ಶಕ್ತಿ ಪಡೆದು ತನ್ನ ಗುರುತನ್ನು ಉತ್ತರವಾಗಿ ಕಳಿಸುತ್ತದೆ. ಆ ಗುರುತು ಕಾರು ನೆನಪಿಟ್ಟುಕೊಂಡಿರುವ ಕೀಗಳ ಪಟ್ಟಿಯಲ್ಲಿದ್ದರೆ ಎಂಜಿನ್ ಚಾಲೂ. ಇಲ್ಲದಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿಣುಕುತ್ತದೆ, ಎಂಜಿನ್ ಹತ್ತುವುದೇ ಇಲ್ಲ ಅಥವಾ ಹತ್ತಿ ಒಂದೆರಡು ಕ್ಷಣದಲ್ಲಿ ಆರಿಹೋಗುತ್ತದೆ. ಹೊಸ ಚಿಪ್‌ನ ಗುರುತನ್ನು ಕಾರಿನ ಆ ಪಟ್ಟಿಗೆ ಸೇರಿಸುವ ಕೆಲಸಕ್ಕೇ ಕೋಡಿಂಗ್ ಎನ್ನುತ್ತಾರೆ.

ರಿಮೋಟ್ ಬೇರೆಯದೇ ದಾರಿ ಹಿಡಿಯುತ್ತದೆ. ನಮ್ಮ ದೇಶದ ಕಾರುಗಳಲ್ಲಿ ಅದು ಸಾಮಾನ್ಯವಾಗಿ 433 ಮೆಗಾಹರ್ಟ್ಸ್‌ನಲ್ಲಿ ಮಾತನಾಡುತ್ತದೆ. ಅಮೆರಿಕದ ಅನೇಕ ಕಾರುಗಳಲ್ಲಿ ಬಳಕೆಯಾಗುವುದು 315 ಮೆಗಾಹರ್ಟ್ಸ್. ಅಲ್ಲಿರುವ ಮಗನೋ ಮಗಳೋ ಅಗ್ಗಕ್ಕೆ ಕೊಂಡು ತಂದ ಅದೇ ಕಂಪನಿಯ ರಿಮೋಟ್ ನೋಡಲು ತದ್ರೂಪವಾಗಿದ್ದರೂ ಇಲ್ಲಿ ಒಗ್ಗದೆ ಹೋಗುವುದಕ್ಕೆ ಇದೂ ಒಂದು ಕಾರಣ.

ಖರ್ಚಿನ ಅಂದಾಜು

ಮಾದರಿ, ಊರು, ವರ್ಷ ನೋಡಿಕೊಂಡು ದರ ಹೆಚ್ಚು ಕಡಿಮೆಯಾಗುತ್ತದೆ. ಆದರೂ ಚೌಕಾಸಿಗೆ ಇಳಿಯುವ ಮುನ್ನ ಮನಸ್ಸಿನಲ್ಲೊಂದು ಲೆಕ್ಕ ಇರಲಿ. ಇನ್ನೊಂದು ಕೀ ಕೈಯಲ್ಲಿದೆ ಎಂದಿಟ್ಟುಕೊಂಡರೆ, ಬರಿಯ ಲೋಹದ ಕೀಗೆ ನೂರೈವತ್ತರಿಂದ ಐನೂರು ರೂಪಾಯಿ. ಚಿಪ್ ಇರುವ, ರಿಮೋಟ್ ಇಲ್ಲದ ಕೀಗೆ ಹೊರಗಿನ ಕೀ ಮಾಡುವವರಲ್ಲಿ 1,500ರಿಂದ 3,000, ಶೋರೂಮಿನಲ್ಲಿ 2,500ರಿಂದ 6,000. ರಿಮೋಟ್ ಸಹಿತ ಮಡಚುವ ಕೀಗೆ ಹೊರಗೆ 3,000ರಿಂದ 6,000, ಶೋರೂಮಿನಲ್ಲಿ 5,000ರಿಂದ 10,000. ಬಟನ್ ಸ್ಟಾರ್ಟ್ ಕಾರಿನ ಸ್ಮಾರ್ಟ್ ಕೀಗೆ ಹೊರಗೆ 5,000ರಿಂದ 10,000, ಶೋರೂಮಿನಲ್ಲಿ 8,000ದಿಂದ 18,000. ಜರ್ಮನಿಯ ದುಬಾರಿ ಕಾರುಗಳ ಮಾತೇ ಬೇರೆ: ಚಾಸಿಸ್ ಸಂಖ್ಯೆ ಕೊಟ್ಟು ಆರ್ಡರ್ ಮಾಡಿ ವಾರಗಟ್ಟಲೆ ಕಾಯಬೇಕಾಗುತ್ತದೆ, ಖರ್ಚು ಹತ್ತಾರು ಸಾವಿರ.

ದರ ವಿಚಾರಿಸುವಾಗ ಒಟ್ಟು ಮೊತ್ತ ಕೇಳಿ ಸುಮ್ಮನಾಗಬೇಡಿ. ಕೀಯ ಬೆಲೆ ಎಷ್ಟು, ಕತ್ತರಿಸುವ ಕೂಲಿ ಎಷ್ಟು, ಕೋಡಿಂಗ್ ಎಷ್ಟು, ರಿಮೋಟ್ ಹೊಂದಿಸುವುದು ಅದರಲ್ಲೇ ಸೇರಿದೆಯೇ, ಶೇ 18ರ ಜಿಎಸ್‌ಟಿ ಸೇರಿಸಿ ಹೇಳಿದ್ದೇ ಬಿಟ್ಟು ಹೇಳಿದ್ದೇ ಎಂದು ಒಂದೊಂದಾಗಿ ಕೇಳಿ. ಫೋನಿನಲ್ಲಿ ನಾಲ್ಕು ಸಾವಿರ ಎಂದದ್ದು ಬಿಲ್ಲಿನಲ್ಲಿ ಆರು ಸಾವಿರವಾಗುವುದು ಈ ಸಂದುಗಳಲ್ಲೇ.

ಕಳೆದ ದಿನವೇ ಮಾಡಬೇಕಾದ ಕಾಗದದ ಕೆಲಸ

ಇದನ್ನು ಅನೇಕರು ಬಿಟ್ಟುಬಿಡುತ್ತಾರೆ, ಮುಂದೆ ಪೇಚಿಗೆ ಸಿಲುಕುತ್ತಾರೆ. ಕೀ ಕಳೆದಿದ್ದಕ್ಕೆ ಪೊಲೀಸ್ ದಾಖಲೆ ಇರಲೇಬೇಕು. ಕರ್ನಾಟಕದಲ್ಲಿ ಇದಕ್ಕಾಗಿ ಠಾಣೆಗೆ ಅಲೆಯಬೇಕಿಲ್ಲ. ರಾಜ್ಯ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ಆನ್‌ಲೈನ್ ಮೂಲಕವೇ ವಿವರ ತುಂಬಿ ವರದಿ ಪಡೆಯಬಹುದು. ಆದರೆ ಅದು ಕಳೆದುಹೋದ ವಸ್ತುಗಳಿಗೆ ಮಾತ್ರ. ಚೀಲ ಕದ್ದಾಗ ಅದರಲ್ಲಿ ಕೀ ಇತ್ತು, ಅಥವಾ ಮನೆಗೆ ಕನ್ನ ಹಾಕಿದವರು ಕೀ ಒಯ್ದರು ಎಂದಾದರೆ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಲೇಬೇಕು.

ಇದರ ಮಹತ್ವ ತಿಳಿಯುವುದು ಮುಂದೆಂದಾದರೂ ಕಾರೇ ಕಳುವಾದಾಗ. ಕಳುವಿನ ಕ್ಲೇಮ್ ಬಂದಾಗ ವಿಮಾ ಕಂಪನಿಗಳು ಕಾರಿನ ಎಲ್ಲ ಮೂಲ ಕೀಗಳನ್ನೂ ಒಪ್ಪಿಸಿ ಎಂದು ಕೇಳುತ್ತವೆ. ಎರಡರ ಬದಲು ಒಂದನ್ನೇ ಕೊಟ್ಟರೆ, ಇನ್ನೊಂದು ಎಲ್ಲಿ, ಕೀಯನ್ನು ಕಾರಿನಲ್ಲೇ ಬಿಟ್ಟಿದ್ದಿರಾ ಎಂಬ ಪ್ರಶ್ನೆಗಳು ಏಳುತ್ತವೆ, ಕ್ಲೇಮ್ ಕಗ್ಗಂಟಾಗುತ್ತದೆ. ಕೀ ಕಳೆದ ದಿನಾಂಕದ ಪೊಲೀಸ್ ವರದಿ, ಅದರೊಂದಿಗೆ ವಿಮಾ ಕಂಪನಿಗೆ ಕಳಿಸಿದ ಒಂದು ಇಮೇಲ್, ಹೊಸ ಕೀ ಮಾಡಿಸಿದ ಬಿಲ್ಲು, ಈ ಮೂರು ನಿಮ್ಮ ಕಡತದಲ್ಲಿದ್ದರೆ ಉತ್ತರ ಕೊಡುವುದು ಸುಲಭ. ಹಳೆಯ ಕೀ ಮುರಿದು ಹೊಸದು ಮಾಡಿಸಿದ್ದರೂ ಮುರಿದ ತುಂಡನ್ನು ಎಸೆಯದೆ ಇಟ್ಟುಕೊಳ್ಳಿ.

ಅದೇ ಹೊತ್ತಿಗೆ ನಿಮ್ಮ ಪಾಲಿಸಿಯಲ್ಲಿ ಕೀ ಬದಲಾವಣೆಯ ಹೆಚ್ಚುವರಿ ರಕ್ಷೆ ಇದೆಯೇ ಎಂದು ನೋಡಿ. ವರ್ಷಕ್ಕೊಮ್ಮೆ ಪಾಲಿಸಿ ನವೀಕರಿಸುವಾಗ ಅರಿವಿಲ್ಲದೆಯೇ ಅದಕ್ಕೆ ಹಣ ಕಟ್ಟಿರುವವರು ಅನೇಕರು. ಇದ್ದರೆ ಹೊಸ ಕೀ ಮಾಡಿಸುವ ಮೊದಲೇ ಕಂಪನಿಗೆ ತಿಳಿಸಬೇಕು. ಮಾಡಿಸಿದ ಮೇಲೆ ಬಿಲ್ಲು ಹಿಡಿದು ಹೋದರೆ ಮೊದಲೇ ಏಕೆ ಹೇಳಲಿಲ್ಲ ಎಂಬ ಆಕ್ಷೇಪ ಬರಬಹುದು. ಸ್ಮಾರ್ಟ್ ಕೀ ಇರುವ ಕಾರಿಗೆ ಈ ರಕ್ಷೆ ಕೊಳ್ಳುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಬರಿಯ ಲೋಹದ ಕೀಗೆ ಅದು ದಂಡ.

ಶೋರೂಮೋ, ಹೊರಗಿನವರೋ?

ವಾರಂಟಿ ಇನ್ನೂ ಇರುವ ಕಾರಾದರೆ, ಸ್ಮಾರ್ಟ್ ಕೀಯಾದರೆ, ಅಥವಾ ವಿಮೆಯಿಂದ ಹಣ ಬರುವುದಿದ್ದರೆ ಶೋರೂಮಿಗೇ ಹೋಗಿ. ಆರ್‌ಸಿ, ಮಾಲೀಕರ ಗುರುತಿನ ಚೀಟಿ, ಕಳೆದುಹೋದ ವರದಿ ಇವಿಷ್ಟನ್ನು ಕೇಳುತ್ತಾರೆ; ಕಾರನ್ನೂ ಒಯ್ಯಬೇಕು. ಕೀಯನ್ನು ಕಂಪನಿಯಿಂದ ತರಿಸುವುದರಿಂದ ಕೆಲವು ದಿನ ಕಾಯಬೇಕಾಗಬಹುದು. ಕಾರು ಕೊಂಡಾಗ ಕೀ ಗೊಂಚಲಿನೊಂದಿಗೆ ಸಂಖ್ಯೆ ಕೆತ್ತಿದ ಚಿಕ್ಕ ತಗಡು ಅಥವಾ ಪ್ಲಾಸ್ಟಿಕ್ ಬಿಲ್ಲೆ ಬಂದಿದ್ದರೆ ಅದನ್ನು ಮರೆಯದೆ ಒಯ್ಯಿರಿ. ಹಲ್ಲುಗಳ ಅಳತೆ ಆ ಸಂಖ್ಯೆಯಲ್ಲಿರುತ್ತದೆ, ಕೆಲಸ ಬೇಗ ಆಗುತ್ತದೆ. ಅದನ್ನು ಕಾರಿನಲ್ಲೂ ಇಡಬಾರದು, ಕೀ ಗೊಂಚಲಿನಲ್ಲೂ ನೇತುಹಾಕಬಾರದು. ಮನೆಯ ಪತ್ರಗಳ ಜೊತೆ ಇರಲಿ.

ಏಳೆಂಟು ವರ್ಷ ದಾಟಿದ ಕಾರಿಗೆ ನಂಬಿಕಸ್ಥ ಕೀ ಮಾಡುವವರು ಸಿಕ್ಕರೆ ಅವರಲ್ಲೇ ಮಾಡಿಸುವುದು ಮೇಲು. ಬೆಂಗಳೂರಿನ ಜೆ.ಸಿ. ರಸ್ತೆಯ ಸುತ್ತಮುತ್ತ ಕಾರಿನ ಬಿಡಿಭಾಗಗಳ ಅಂಗಡಿಗಳ ಸಾಲೇ ಇದೆ. ರಾಜ್ಯದ ಉಳಿದ ದೊಡ್ಡ ಊರುಗಳಲ್ಲೂ ಯಂತ್ರ ಹೊತ್ತು ಮನೆ ಬಾಗಿಲಿಗೇ ಬಂದು ಮಾಡಿಕೊಡುವವರಿದ್ದಾರೆ. ಒಳ್ಳೆಯ ಕೆಲಸಗಾರರನ್ನು ಗುರುತಿಸುವ ಒಂದು ಸರಳ ದಾರಿ: ಅವರು ನಿಮ್ಮ ಆರ್‌ಸಿ ಕೇಳುತ್ತಾರೆ. ಕಾಗದ ನೋಡದೆಯೇ ಯಾವ ಕಾರಿಗಾದರೂ ಕೀ ಮಾಡಿಕೊಡುವವರಿಗೆ ನಿಮ್ಮ ಕಾರಿನ ಕೀ ಕೊಡಲು ನಾನಂತೂ ಹೇಳುವುದಿಲ್ಲ.

ಹೊರಗಿನವರಲ್ಲಿ ಮಾಡಿಸುವಾಗ ಕೋಡಿಂಗ್ ಮಾಡುತ್ತೀರೋ, ಕ್ಲೋನ್ ಮಾಡುತ್ತೀರೋ ಎಂದು ಸ್ಪಷ್ಟವಾಗಿ ಕೇಳಬೇಕು. ಕೋಡಿಂಗ್‌ನಲ್ಲಿ ಹೊಸ ಚಿಪ್ ತನ್ನದೇ ಗುರುತಿನೊಂದಿಗೆ ಕಾರಿನ ಪಟ್ಟಿಗೆ ಸೇರುತ್ತದೆ. ಕ್ಲೋನ್‌ನಲ್ಲಿ ನಿಮ್ಮ ಹಳೆಯ ಚಿಪ್‌ನ ಗುರುತನ್ನೇ ಇನ್ನೊಂದು ಚಿಪ್‌ಗೆ ನಕಲು ಮಾಡುತ್ತಾರೆ. ಕಾರಿನ ಕಣ್ಣಿಗೆ ಎರಡೂ ಒಂದೇ ಕೀ. ಕ್ಲೋನ್ ಅಗ್ಗ, ಕಾರಿನ ಕಂಪ್ಯೂಟರ್ ಮುಟ್ಟುವ ಅಗತ್ಯವೂ ಇಲ್ಲ. ಆದರೆ ಮೂಲ ಕೀ ಆಮೇಲೆ ಕಳೆದುಹೋಗಿ, ಅದನ್ನು ಪಟ್ಟಿಯಿಂದ ಅಳಿಸಬೇಕಾಗಿ ಬಂದರೆ ಕ್ಲೋನ್ ಕೂಡ ಅದರೊಂದಿಗೇ ಸಾಯುತ್ತದೆ. ಹೊಸ ಕಾರುಗಳ ಕೆಲವು ಚಿಪ್‌ಗಳು ಕ್ಲೋನಿಗೆ ಬಗ್ಗುವುದೂ ಇಲ್ಲ. ಮನೆಯಲ್ಲಿಡಲು ಒಂದು ಹೆಚ್ಚುವರಿ ಕೀ ಬೇಕೆಂದರೆ ಕ್ಲೋನ್ ಸಾಕು. ಕಳೆದ ಕೀಯ ಬದಲಿಗೆ ಬೇಕೆಂದರೆ ಕೋಡಿಂಗನ್ನೇ ಮಾಡಿಸಿ.

ಬಳಸಿದ ಸ್ಮಾರ್ಟ್ ಕೀಗಳನ್ನು ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಮಾರುವವರಿದ್ದಾರೆ. ಅವುಗಳಲ್ಲಿ ಅನೇಕವು ಮೊದಲ ಕಾರಿಗೆ ಕಟ್ಟುಬಿದ್ದಿರುತ್ತವೆ, ಇನ್ನೊಂದಕ್ಕೆ ಒಗ್ಗುವುದಿಲ್ಲ. ಕೊಳ್ಳಬೇಡಿ.

ಕೋಡಿಂಗ್ ಮಾಡಿಸುವ ದಿನ

ಮನೆಯಲ್ಲಿರುವ ಎಲ್ಲ ಕೀಗಳನ್ನೂ ಒಯ್ಯಿರಿ. ಹಲವು ಕಾರುಗಳಲ್ಲಿ ಕೋಡಿಂಗ್ ಎಂದರೆ ಹಳೆಯ ಪಟ್ಟಿಯನ್ನು ಪೂರ್ತಿ ಅಳಿಸಿ, ಮುಂದಿರುವ ಕೀಗಳನ್ನು ಹೊಸದಾಗಿ ಬರೆದುಕೊಳ್ಳುವುದು. ಹೆಂಡತಿಯ ಪರ್ಸಿನಲ್ಲೋ ಊರಿನಲ್ಲಿರುವ ಅಪ್ಪನ ಬಳಿಯೋ ಉಳಿದ ಕೀ ಆ ಕ್ಷಣದಿಂದ ಎಂಜಿನ್ ಚಾಲೂ ಮಾಡುವುದಿಲ್ಲ. ಅದನ್ನು ಸೇರಿಸಲು ಮತ್ತೆ ಶುಲ್ಕ ತೆರಬೇಕು.

ಇದೇ ಗುಣ ಕೀ ಕಳೆದವರಿಗೆ ವರವೂ ಹೌದು. ಕಳೆದ ಕೀಯನ್ನು ಪಟ್ಟಿಯಿಂದ ತೆಗೆದುಹಾಕಿ ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಎಷ್ಟೋ ಕಡೆ ಹೊಸದನ್ನು ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಒಂದು ಮಾತು ನೆನಪಿರಲಿ: ಪಟ್ಟಿಯಿಂದ ತೆಗೆದರೆ ಆ ಕೀಯಿಂದ ಎಂಜಿನ್ ಚಾಲೂ ಆಗದು, ಆದರೆ ಅದರ ಲೋಹದ ಹಲ್ಲು ಬಾಗಿಲನ್ನು ಈಗಲೂ ತೆರೆಯುತ್ತದೆ. ಕೀ ಕಳುವಾಗಿದ್ದರೆ, ಅದು ಸಿಕ್ಕವರಿಗೆ ನಿಮ್ಮ ವಿಳಾಸ ಗೊತ್ತಿರುವ ಸಾಧ್ಯತೆ ಇದ್ದರೆ, ಬೀಗಗಳನ್ನೂ ಬದಲಿಸುವ ಖರ್ಚಿಗೆ ಹಿಂಜರಿಯಬೇಡಿ.

ಕೋಡಿಂಗ್ ಯಂತ್ರವನ್ನು ಸ್ಟಿಯರಿಂಗ್ ಕೆಳಗಿನ ಒಬಿಡಿ ಸಾಕೆಟ್‌ಗೆ ಸಿಕ್ಕಿಸಿ ಕೆಲಸ ನಡೆಸುತ್ತಾರೆ. ಹತ್ತು ನಿಮಿಷದಿಂದ ಅರ್ಧ ಗಂಟೆ ಹಿಡಿಯುತ್ತದೆ. ಕಾರಿನ ಬ್ಯಾಟರಿ ಸೋತಿದ್ದರೆ ಮೊದಲು ಚಾರ್ಜ್ ಮಾಡಿಸಿ; ನಡುವೆ ವೋಲ್ಟೇಜ್ ಕುಸಿದರೆ ಬರವಣಿಗೆ ಅರ್ಧಕ್ಕೆ ನಿಂತು ಇಮೊಬಿಲೈಸರ್ ಗೊಂದಲಕ್ಕೆ ಬೀಳುತ್ತದೆ.

ಹಣ ಕೊಡುವ ಮುನ್ನ ಪರೀಕ್ಷೆ. ಇಲ್ಲಿ ಬಹಳ ಜನ ತಪ್ಪುವುದು ಒಂದೇ ಕಡೆ: ಹೊಸ ಕೀ ತಿರುಗಿಸುವಾಗ ಹಳೆಯ ಕೀಯೂ ಅದೇ ಗೊಂಚಲಿನಲ್ಲಿ ನೇತಾಡುತ್ತಿರುತ್ತದೆ. ಅದರ ಚಿಪ್ ಸುರುಳಿಯ ಹತ್ತಿರವಿದ್ದು ಉತ್ತರ ಕೊಟ್ಟುಬಿಟ್ಟರೆ ಎಂಜಿನ್ ಚಾಲೂ ಆಗುತ್ತದೆ, ನೀವು ಹೊಸ ಕೀ ಸರಿಯಿದೆ ಎಂದು ನಂಬಿ ಮನೆಗೆ ಬರುತ್ತೀರಿ. ಆದ್ದರಿಂದ ಹಳೆಯ ಕೀಯನ್ನು ಬೇರ್ಪಡಿಸಿ, ಸ್ಮಾರ್ಟ್ ಕೀಯಾದರೆ ಕಾರಿನಿಂದ ಹತ್ತು ಹದಿನೈದು ಹೆಜ್ಜೆ ಆಚೆ ಯಾರ ಕೈಯಲ್ಲಾದರೂ ಕೊಟ್ಟು, ಹೊಸದರಿಂದ ಮೂರ್ನಾಲ್ಕು ಸಲ ಸ್ಟಾರ್ಟ್ ಮಾಡಿ. ಆಮೇಲೆ ಲೋಹದ ಕೀಯಿಂದಲೇ ಚಾಲಕನ ಬಾಗಿಲನ್ನೂ, ಬೀಗವಿದ್ದರೆ ಡಿಕ್ಕಿಯನ್ನೂ ಪೆಟ್ರೋಲ್ ಮುಚ್ಚಳವನ್ನೂ ತೆರೆದು ನೋಡಿ. ಹಲ್ಲು ಬಿಗಿಯಾಗಿ ತಿರುಗಿದರೆ ಅಲ್ಲೇ ಸರಿಮಾಡಿಸಿ. ಒತ್ತಿ ತಿರುಗಿಸುತ್ತ ಹೋದರೆ ಕೀ ಇಗ್ನಿಷನ್ ಒಳಗೆ ಮುರಿಯುತ್ತದೆ. ಹಳೆಯ ಕೀಯೂ ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ಕೊನೆಯಲ್ಲೊಮ್ಮೆ ನೋಡಿ. ಬಿಲ್ಲಿನಲ್ಲಿ ಕಾರಿನ ನೋಂದಣಿ ಸಂಖ್ಯೆ ಬರೆಸಿ.

ಎಲ್ಲ ಕೀಗಳೂ ಕಳೆದಿದ್ದರೆ

ಮೊದಲು ಕಾರಿನ ಕಂಪನಿಯ ಅಥವಾ ವಿಮೆಯ ರಸ್ತೆಬದಿ ನೆರವಿನ ಸಂಖ್ಯೆಗೆ ಕರೆ ಮಾಡಿ. ಹಲವು ಯೋಜನೆಗಳಲ್ಲಿ ಕಾರನ್ನು ಸರ್ವೀಸ್ ಸೆಂಟರಿಗೆ ಒಯ್ಯುವ ಸೇವೆ ಸೇರಿರುತ್ತದೆ. ಸ್ಟಿಯರಿಂಗ್ ಲಾಕ್ ಆಗಿರುವುದರಿಂದ ಹಗ್ಗ ಕಟ್ಟಿ ಎಳೆಯಲು ಯಾರಿಗೂ ಬಿಡಬೇಡಿ. ಲಾರಿಯ ಮೇಲೆ ಹೇರಿಕೊಂಡೇ ಒಯ್ಯಬೇಕು.

ಶೋರೂಮಿನಲ್ಲಿ ಕೆಲವೊಮ್ಮೆ ಬೀಗಗಳ ಪೂರ್ತಿ ಸೆಟ್ಟನ್ನೋ, ಇಮೊಬಿಲೈಸರ್ ಘಟಕವನ್ನೋ, ಎಂಜಿನ್ ಕಂಪ್ಯೂಟರನ್ನೋ ಬದಲಿಸಬೇಕು ಎನ್ನುತ್ತಾರೆ. ಆಗ ಮೊತ್ತ 15,000ದಿಂದ 40,000ಕ್ಕೂ ಏರುತ್ತದೆ. ಒಪ್ಪುವ ಮೊದಲು ಒಂದೇ ಪ್ರಶ್ನೆ ಕೇಳಿ: ಚಾಸಿಸ್ ಸಂಖ್ಯೆಯಿಂದ ಕಂಪನಿಯ ಭದ್ರತಾ ಸಂಕೇತ ಪಡೆದು ಹೊಸ ಕೀ ಕೋಡ್ ಮಾಡಲು ಈ ಮಾದರಿಯಲ್ಲಿ ಸಾಧ್ಯವಿಲ್ಲವೇ? ಅನೇಕ ಮಾದರಿಗಳಲ್ಲಿ ಸಾಧ್ಯ. ಇಲ್ಲ ಎಂದರೆ ಕಾರಣವನ್ನು ಅಂದಾಜು ಪಟ್ಟಿಯಲ್ಲಿ ಬರೆದುಕೊಡಲು ಹೇಳಿ, ಇನ್ನೊಂದು ಕಡೆ ವಿಚಾರಿಸಿ. ಅನುಭವಿ ಕೀ ಮಾಡುವವರು ಬಾಗಿಲಿನ ಬೀಗದಿಂದಲೇ ಹಲ್ಲಿನ ಅಳತೆ ತೆಗೆದು, ಸಾಮಾನ್ಯ ದರಕ್ಕಿಂತ ಎರಡರಿಂದ ಐದು ಸಾವಿರ ಹೆಚ್ಚಿಗೆ ಪಡೆದು ಕಾರು ನಿಂತಲ್ಲೇ ಮುಗಿಸಿಕೊಡುವುದೂ ಉಂಟು. ಈ ಸ್ಥಿತಿಯಲ್ಲಿ ಮಾಡಿಸುವುದಾದರೆ ಒಂದಲ್ಲ, ಎರಡು ಕೀ ಮಾಡಿಸಿ. ಯಂತ್ರ ಸಿಕ್ಕಿಸಿ ಸಂಕೇತ ಪಡೆದಿರುವಾಗ ಎರಡನೆಯದಕ್ಕೆ ಕೀಯ ಬೆಲೆಯಷ್ಟೇ ಹೆಚ್ಚಾಗುತ್ತದೆ.

ಹಳೆಯ ಕಾರು ಕೊಳ್ಳುವಾಗ

ಮಾರುವವರು ಒಂದೇ ಕೀ ಕೊಟ್ಟು ಇನ್ನೊಂದು ಎಲ್ಲೋ ಇದೆ, ಹುಡುಕಿ ಕಳಿಸುತ್ತೇವೆ ಎಂದರೆ ಅದರ ಬೆಲೆಯನ್ನು ಕಾರಿನ ದರದಲ್ಲೇ ಕಡಿತ ಮಾಡಿಸಿ. ಸ್ಮಾರ್ಟ್ ಕೀಯ ಕಾರಾದರೆ ಹತ್ತು ಸಾವಿರ ಇಳಿಸಿ ಎಂದು ಕೇಳುವುದು ನ್ಯಾಯವೇ. ಎರಡೂ ಕೀ ಕೊಟ್ಟರೆ ಎರಡರಿಂದಲೂ ಸ್ಟಾರ್ಟ್ ಮಾಡಿ ನೋಡಿ, ಬೇರೆ ಬೇರೆಯಾಗಿ. ಹಣ ಕೊಡುವ ಮೊದಲು ಕಾರನ್ನು ಮೆಕ್ಯಾನಿಕ್‌ಗೆ ತೋರಿಸುವಾಗ, ಪಟ್ಟಿಯಲ್ಲಿ ಎಷ್ಟು ಕೀ ದಾಖಲಾಗಿವೆ ಎಂದು ಯಂತ್ರದಲ್ಲಿ ಓದಿಸಲು ಹೇಳಿ. ಅನೇಕ ಮಾದರಿಗಳಲ್ಲಿ ಆ ಸಂಖ್ಯೆ ಪರದೆಯ ಮೇಲೆ ಬರುತ್ತದೆ. ನಿಮ್ಮ ಕೈಗೆ ಬಂದದ್ದು ಎರಡು, ಪರದೆಯಲ್ಲಿರುವುದು ಮೂರು ಎಂದಾದರೆ ಮೂರನೆಯದು ಯಾರ ಬಳಿ ಇದೆ ಎಂದು ಮಾರುವವರನ್ನೇ ಕೇಳಿ. ಉತ್ತರ ಏನೇ ಇರಲಿ, ಕಾರು ನಿಮ್ಮ ಹೆಸರಿಗಾದ ವಾರವೇ ಪಟ್ಟಿ ಅಳಿಸಿ, ನಿಮ್ಮ ಎರಡು ಕೀಗಳನ್ನು ಮಾತ್ರ ಹೊಸದಾಗಿ ಬರೆಸಿಕೊಳ್ಳಿ.